ಎಡಗಡೆಯ ಸ್ಪೀಕರ್

ಜನವರಿ 6, 2025, ಸೋಮವಾರ

ಹೆಡ್‌ಫೋನಿನ ಎಡಗಡೆ ಇವತ್ತು ಪೂರ್ತಿ ಸತ್ತಿತು. ಇದು ಎರಡನೆಯದು. ಮೊದಲನೆಯದೂ ದೀಪಾವಳಿಯ ಹೊತ್ತಿಗೆ ಹೀಗೇ ಎಡಗಡೆಯಿಂದ ಕೈಕೊಟ್ಟಿತ್ತು. ಮೊದಲು ದನಿ ಮಂಕಾಗುತ್ತದೆ, ಆಮೇಲೆ ಪಕ್ಕದ ಓಣಿಯಲ್ಲಿ ಯಾರೋ ಮಾತಾಡಿದ ಹಾಗಾಗುತ್ತದೆ, ಆಮೇಲೆ ಅದೂ ಇಲ್ಲ. ಈಗಿನ ಸಾಮಾನುಗಳಿಗೆ ಆಯುಷ್ಯವೆಂಬುದೇ ಇಲ್ಲ. ಸಿಟ್ಟಿನಲ್ಲಿ ಕಸದ ಬುಟ್ಟಿಗೆ ಒಗೆದೆ. ತ್ರಿಶಲಾ ಅದನ್ನು ಎತ್ತಿ ತನ್ನ ಕಿವಿಗೆ ಹಾಕಿಕೊಂಡು ನೋಡಿ ಏನೋ ಹೇಳಿದಳು. ನಾನು ಹೂಂ ಅಂದೆ. ನನ್ನ ಹೆಂಡತಿಗೆ ಇತ್ತೀಚೆಗೆ ಬಾಯಿ ಬಿಚ್ಚಿ ಮಾತಾಡುವ ರೂಢಿಯೇ ತಪ್ಪಿದೆ.

ಹೊರಗೆ ಶೂಟಿಂಗಿಗೆ ಹೋಗುವುದನ್ನು ಬಿಟ್ಟು ವರ್ಷವಾಯಿತು. ಭುಜ ಕೇಳಲಿಲ್ಲ. ಹದಿನೆಂಟು ವರ್ಷ ಬಲಭುಜದ ಮೇಲೆ ಕ್ಯಾಮೆರಾ ಹೊತ್ತವನು ನಾನು. ಕ್ಯಾಮೆರಾದ ಹೊಟ್ಟೆಗೆ ಬಲಗೆನ್ನೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ, ಚಿತ್ರ ಅಲುಗುವುದಿಲ್ಲ. ಮದುವೆಯ ವರಾತಿನ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಮನೆಯೆತ್ತರ ಡಾಲ್ಬಿ ಸ್ಪೀಕರ್ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಬರುತ್ತಾರಲ್ಲ, ಅದರ ಪಕ್ಕದಲ್ಲೇ ಉದ್ದಕ್ಕೂ ನಡೆದಿದ್ದೇನೆ. ಕುಣಿಯುವವರು ಅಲ್ಲೇ ಇರುತ್ತಾರೆ, ಕ್ಯಾಮೆರಾದವನು ಇನ್ನೆಲ್ಲಿ ನಿಲ್ಲಬೇಕು? ಈಗ ಕಾಗವಾಡದ ಭರತ ಶೂಟ್ ಮಾಡಿ ತರುತ್ತಾನೆ, ನಾನು ಐನಾಪುರದ ಈ ಕೋಣೆಯಲ್ಲಿ ಕೂತು ಕತ್ತರಿಸಿ ಜೋಡಿಸಿ ಕೊಡುತ್ತೇನೆ. ಒಂದು ಕಾಲಕ್ಕೆ ನನ್ನ ಲೈಟ್ ಹಿಡಿಯುತ್ತಿದ್ದವನ ಕೆಲಸ ನಾನು ಮಾಡುವುದು. ಇರಲಿ, ಹೊಟ್ಟೆ ಅದನ್ನೆಲ್ಲ ಕೇಳುವುದಿಲ್ಲ.

ಇನ್ನು ಹೆಡ್‌ಫೋನಿನ ಸಹವಾಸ ಸಾಕು. ಸ್ಪೀಕರ್ ತರುತ್ತೇನೆ.

ಜನವರಿ 9, ಗುರುವಾರ

ನಿಪ್ಪಾಣಿಯ ಸಂಗ್ರಾಮನ ಅಂಗಡಿಗೆ ಹೋಗಿ ತಂದೆ. ಅವನ ಅಂಗಡಿಯಲ್ಲಿ ಸ್ಪೀಕರುಗಳಿಗಿಂತ ಮಿಣುಕುವ ದೀಪಗಳೇ ಹೆಚ್ಚು. ಮೊದಲು ನೆಲದ ಮೇಲಿಡುವ ದೊಡ್ಡ ವೂಫರಿನ ಸೆಟ್ಟು ಹಚ್ಚಿದ. ಕಪಾಟಿನ ಗಾಜು ನಡುಗಿತು.

"ಬೇಸ್ ನೋಡ್ರಿ ದಾದಾ, ಎದಿಗೆ ಬಡಿತೈತಿ."

"ಎದಿಗೆ ಬಡದ್ರ ಏನ್ ಮಾಡ್ಲಿ? ನನಗ ಮಾತು ಕೇಳಬೇಕ."

ವೂಫರ್ ಎಲ್ಲವನ್ನೂ ಚಂದ ಮಾಡಿಬಿಡುತ್ತದೆ. ಕೆಟ್ಟ ರೆಕಾರ್ಡಿಂಗೂ ಅದರಲ್ಲಿ ಹಬ್ಬದ ಹಾಗೆ ಕೇಳುತ್ತದೆ, ಆಮೇಲೆ ಗಿರಾಕಿಯ ಮನೆಯ ಟಿವಿಯಲ್ಲಿ ಬಣ್ಣ ಬಯಲಾಗುತ್ತದೆ. ಎಡಿಟಿಂಗಿಗೆ ಬೇಕಾದದ್ದು ಹೊಗಳುವ ಸ್ಪೀಕರ್ ಅಲ್ಲ, ಚಾಡಿ ಹೇಳುವ ಸ್ಪೀಕರ್. ಇದನ್ನು ಸಂಗ್ರಾಮನಿಗೆ ತಿಳಿಸಿ ಹೇಳುವುದು ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ. ಸ್ಟುಡಿಯೋದವರು ಇಟ್ಟುಕೊಳ್ಳುವ ಜಾತಿಯದು ನನ್ನ ಕೈಗೆಟುಕುವಂಥದಲ್ಲ, ಅದರ ಬೆಲೆ ಕೇಳಲೂ ಹೋಗಲಿಲ್ಲ. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಎರಡು ಕಟ್ಟಿಗೆಯ ಪೆಟ್ಟಿಗೆ ಸಿಕ್ಕವು. ದೀಪವಿಲ್ಲ, ವೂಫರಿಲ್ಲ, ಸಾದಾ. ಹಳೆಯ ಮದುವೆಯೊಂದರ ಮಂಗಲಾಷ್ಟಕವನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಅದನ್ನೇ ಹಚ್ಚಿಸಿ ಕೇಳಿದೆ. ಎಡದ್ದು ತುಸು ಸಣ್ಣಗೆ ಅನ್ನಿಸಿತು. ಸಂಗ್ರಾಮ, ಹೊರಗೆ ಬಸ್ಸಿನ ಗದ್ದಲ ಐತಿ, ಮನ್ಯಾಗ ಹಚ್ಚಿದ್ರ ಸರಿ ಆಗತೈತಿ ಅಂದ. ನಂಬಿದೆ.

ಜನವರಿ 11, ಶನಿವಾರ

ಸರಿ ಆಗಲಿಲ್ಲ. ಎಡದ್ದು ಸತ್ತವರ ಮನೆಯಲ್ಲಿ ಪಿಸುಗುಟ್ಟಿದ ಹಾಗೆ ಪಿಸುಗುಟ್ಟುತ್ತದೆ. ಸಂಗ್ರಾಮ ಟೋಪಿ ಹಾಕಿದ.

ಜನವರಿ 16, ಗುರುವಾರ

ಪೆಟ್ಟಿಗೆಗಳನ್ನು ಹೊತ್ತುಕೊಂಡು ಮತ್ತೆ ನಿಪ್ಪಾಣಿ. ಸಂಗ್ರಾಮ ಜಗಳವಾಡಲಿಲ್ಲ. ಹಚ್ಚಿದ, ಕೇಳಿದ, "ಎರಡೂ ಒಂದ ಸಮ ಅದಾವಲ್ರಿ ದಾದಾ" ಅಂದ. ಚಾರ್ಜರ್ ಕೊಳ್ಳಲು ಬಂದಿದ್ದ ಒಬ್ಬರನ್ನು ಕರೆದು ಕೇಳಿಸಿದ. ಅವರೂ ಒಂದೇ ಸಮ ಅಂದರು. ಪಕ್ಕದ ಅಂಗಡಿಯವನೂ ಬಂದು ತಲೆಯಾಡಿಸಿದ. ಅವನ ಚಹಾ ಕುಡಿದವರೆಲ್ಲ ಅವನ ಕಡೆಯವರೇ.

"ಬದಲಿ ಕೊಡು" ಅಂದೆ.

ಅದೇ ಕಂಪನಿಯ ಇನ್ನೊಂದು ಜೊತೆ ಕೊಟ್ಟ. ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಯಾಕೆ ಹಾಗೆ ನೋಡಿದನೋ ಗೊತ್ತಾಗಲಿಲ್ಲ, ಮೈ ಉರಿಯಿತು.

ಜನವರಿ 18, ಶನಿವಾರ

ಹೊಸ ಜೊತೆಯಲ್ಲೂ ಎಡದ್ದು ಮಂಕು. ಆ ಕಂಪನಿಯೇ ಖೊಟ್ಟಿ. ಎಡಿಟ್ ಮಾಡುವಾಗ ಎಡಗಡೆಯ ದನಿಯನ್ನು ಏರಿಸಿಕೊಂಡು ಕೆಲಸ ಸಾಗಿಸುತ್ತಿದ್ದೇನೆ. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಎಡಗಡೆಯ ಪಟ್ಟಿ ಕೆಂಪಾಗುತ್ತದೆ. ಆಗಲಿ. ಯಂತ್ರದ ಪಟ್ಟಿಯನ್ನು ನಂಬಬೇಕೋ ಹದಿನೆಂಟು ವರ್ಷದ ನನ್ನ ಕಿವಿಯನ್ನು ನಂಬಬೇಕೋ?

ಜೈನರ ಮನೆಯ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತೆವು. ಮಗಳು ಬ್ರಾಹ್ಮಿ ನನ್ನ ಎಡಕ್ಕೆ ಕೂತು ತಾಟಿನ ಕಡೆ ನೋಡುತ್ತ ಏನೋ ಹೇಳುತ್ತಿದ್ದಳು. ನನ್ನ ತಲೆಯೆಲ್ಲ ಸ್ಪೀಕರಿನಲ್ಲಿತ್ತು. ಹೂಂ, ಹೂಂ ಅಂದೆ. ಖುಷಿಯಲ್ಲಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ತಾಯಿಯಿಂದ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಒಂಬತ್ತನೆಯ ತರಗತಿಯ ಹುಡುಗಿ, ಹೊಟ್ಟೆ ತುಂಬ ಉಣ್ಣಲಿ.

ಜನವರಿ 20, ಸೋಮವಾರ

ಇವತ್ತು ಆದದ್ದನ್ನು ಬರೆಯಲು ಕೈ ಬರುತ್ತಿಲ್ಲ.

ಶಾಲೆ ಬಿಟ್ಟು ಎಷ್ಟು ಹೊತ್ತಾದರೂ ಬ್ರಾಹ್ಮಿ ಬರಲಿಲ್ಲ. ತ್ರಿಶಲಾ ತವರಿಗೆ ಮಂಗಸೂಳಿಗೆ ಹೋಗಿದ್ದಳು, ಫೋನ್ ಹತ್ತಲಿಲ್ಲ. ಗಾಡಿ ತೆಗೆದುಕೊಂಡು ಶಾಲೆಗೆ, ಬಸ್ ಸ್ಟ್ಯಾಂಡಿಗೆ, ಅವಳ ಗೆಳತಿಯರ ಮನೆಗಳಿಗೆ ಓಡಾಡಿದೆ. ನಾನು ಮನುಷ್ಯನಾಗಿ ಉಳಿದಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಖೋಖೋ ಹುಡುಗಿಯರ ಜೊತೆ ಟೆಂಪೋದಿಂದ ಇಳಿದಳು. ರಾಯಬಾಗದಲ್ಲಿ ಪಂದ್ಯವಂತೆ. ಕೈಯಲ್ಲಿ ಗೆದ್ದ ಬಹುಮಾನದ ಕಪ್ಪು.

"ಯಾರನ್ನ ಕೇಳಿ ಹೋದಿ?"

"ನಿಮ್ಮನ್ನ ಕೇಳಿದ್ನಲ್ಲ ಪಪ್ಪಾ. ಶನಿವಾರ. ಹೂಂ ಅಂದ್ರಿ ನೀವು."

ತಪ್ಪು ಮಾಡಿ ಹೆದರಿದ್ದರೆ ಕ್ಷಮಿಸುತ್ತಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದಳು. ಓಣಿಯ ಜನರೆಲ್ಲ ನೋಡುತ್ತಿದ್ದರು. ಸುಳ್ಳಿ ಅಂತ ಒದರಿದೆ. ಎಷ್ಟು ಜೋರಾಗಿ ಒದರಿದೆನೋ ತಿಳಿಯದು, ಕಟ್ಟೆಯ ಮೇಲಿದ್ದ ನಾಯಿ ಎದ್ದು ಹೋಯಿತು. ಅವಳು ಕಪ್ಪನ್ನು ಹೊಸ್ತಿಲಲ್ಲೇ ಇಟ್ಟು ಒಳಗೆ ಹೋದಳು.

ಜನವರಿ 27, ಸೋಮವಾರ

ಮಗಳು ಮಾತಾಡುವುದಿಲ್ಲ. ಹೆಂಡತಿ ಮಾತಾಡಿದರೂ ಬಾಯೊಳಗೇ. ಈ ಮನೆಯಲ್ಲಿ ನನ್ನ ಬಗ್ಗೆ ಮರ್ಯಾದೆ ಮುಗಿಯಿತು. ಹೊರಗೆ ಹೋಗಿ ದುಡಿಯದ ಗಂಡಸಿಗೆ ಎಲ್ಲ ಮನೆಯಲ್ಲೂ ಇದೇ ಗತಿ ಇರಬೇಕು.

ಫೆಬ್ರವರಿ 3, ಸೋಮವಾರ

ಹೊಸ ಪೀಡೆ ಶುರುವಾಗಿದೆ. ಸ್ಪೀಕರ್ ಬಂದ್ ಮಾಡಿದರೂ ಸಣ್ಣಗೆ ಸೀಟಿಯ ಸದ್ದು. ಇನ್ವರ್ಟರ್ ಬಂದ್ ಮಾಡಿದೆ, ನಿಲ್ಲಲಿಲ್ಲ. ಫ್ರಿಜ್ಜಿನ ವೈರು ಕಿತ್ತೆ, ನಿಲ್ಲಲಿಲ್ಲ. ಅರ್ಥಿಂಗಿನ ದೋಷವಿರಬೇಕೆಂದು ಲೈಟಿನ ಕೆಲಸದ ಲಗಮಣ್ಣನನ್ನು ಕರೆಸಿದೆ. ಮೀಟರ್ ಹಚ್ಚಿ ಎಲ್ಲ ನೋಡಿದ.

"ಯಾ ಸದ್ದೂ ಇಲ್ಲಲ್ರಿ."

"ಇಷ್ಟ ಜೋರ ಒದರಾಕತ್ತೈತಿ, ಇಲ್ಲಂತೀಯಲ್ಲೋ."

ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಮನೆಯೆಲ್ಲ ನಿಂತಿತು. ಸೀಟಿ ನಿಲ್ಲಲಿಲ್ಲ. ಪಕ್ಕದ ಮನೆಯವರ ಮೋಟಾರು ಇರಬೇಕು ಅಂದೆ. ಲಗಮಣ್ಣ ಒಮ್ಮೆ ನನ್ನನ್ನು, ಒಮ್ಮೆ ತ್ರಿಶಲಾಳನ್ನು ನೋಡಿ ಚಹಾ ಕುಡಿಯದೆ ಹೋದ.

ಅವನು ಹೋದ ಮೇಲೆ ತ್ರಿಶಲಾ ನನ್ನ ಬಲಕ್ಕೆ ಬಂದು ನಿಂತು, "ಒಮ್ಮೆ ಡಾಕ್ಟರಿಗೆ ತೋರಸೂಣೇನ್ರಿ?" ಅಂದಳು.

"ಯಾರಿಗೆ? ಸ್ಪೀಕರಿಗೇನು?"

ಅವಳು ನಗಲಿಲ್ಲ.

ಫೆಬ್ರವರಿ 8, ಶನಿವಾರ

ಮಂಗಸೂಳಿಯ ಬಾಬಾಸಾಹೇಬರ ಮಗಳ ಮದುವೆಯ ಕೆಲಸ ಮುಗಿಯಿತು. ದ್ರಾಕ್ಷಿ ತೋಟದ ಕುಳ, ತ್ರಿಶಲಾಳ ತವರಿಗೆ ಬೇಕಾದವರು. ಭರತ ಹೋದ ವಾರವೇ ಹೇಳಿದ್ದ: "ಶ್ರೇಣಿಕದಾದಾ, ಇದೊಂದ ಚಂದ ಮಾಡಿಕೊಡ್ರಿ. ಎರಡ ಮದವಿ ವೀಡಿಯೊ ಹೊಳ್ಳಿ ಬಂದಾವ. ಇದೂ ಬಂತಂದ್ರ ನನ್ನ ಕೈಯಾಗ ಏನೂ ಇಲ್ಲ." ಕೆಲಸ ಹೋಗುತ್ತದೆ ಅನ್ನುವುದನ್ನು ಹುಡುಗ ಇಷ್ಟು ಮೆತ್ತಗೆ ಹೇಳಲು ಎಲ್ಲಿ ಕಲಿತನೋ.

ನಮ್ಮ ಕಡೆ ಮದುವೆಯ ವೀಡಿಯೊದಲ್ಲಿ ಎಲ್ಲದರ ಮೇಲೆ ಹಾಡು ಹೊದಿಸಿದರೆ ನಡೆಯುತ್ತದೆ, ಮಂಗಲಾಷ್ಟಕದ ಮೇಲೆ ನಡೆಯುವುದಿಲ್ಲ. ಅಕ್ಷತೆ ಬೀಳುವವರೆಗೆ ಹಾಡಿದ್ದು ಹಾಡಿದ ಹಾಗೇ ಕೇಳಬೇಕು. ಇಲ್ಲಿ ಹಾಡಿದವರು ಬಾಬಾಸಾಹೇಬರ ತಾಯಿ ಗಂಗೂಬಾಯಿ. ಎಂಬತ್ತು ದಾಟಿದ ಮುದುಕಿ ಮೈಕು ಹಿಡಿದು, ಯಾರ ಸಹಾಯವೂ ಇಲ್ಲದೆ ಹಾಡಿದ್ದಾರೆ. ಎಡಗಡೆ ಮಾತ್ರ ಏನೇನೂ ಬಂದಿರಲಿಲ್ಲ. ಭರತ ಮೈಕು ಸರಿ ಇಟ್ಟಿಲ್ಲ. ಪಾಪ ಮುದುಕಿ ಎಂದು ಎಡಕ್ಕೆ ಎಷ್ಟು ಏರಿಸಬಹುದೋ ಅಷ್ಟು ಏರಿಸಿದೆ, ಟ್ರೆಬಲ್ಲಿನ ಚೂಪು ಸಾಲದೆಂದು ಅದನ್ನೂ ಕೂಡಿಸಿದೆ. ಈ ವರ್ಷ ಇಷ್ಟು ಮನಸ್ಸಿಟ್ಟು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಫೆಬ್ರವರಿ 12, ಬುಧವಾರ

ಬಾಬಾಸಾಹೇಬರು ತಾವೇ ಬಂದಿದ್ದರು. ಪೆನ್‌ಡ್ರೈವ್ ಟೇಬಲ್ಲಿನ ಮೇಲೆ ಇಟ್ಟರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬೀಗರನ್ನ ಕರದು, ದೊಡ್ಡ ಟಿವಿಗೆ ಹಚ್ಚಿದ್ವಿ ಶ್ರೇಣಿಕ. ಒಂದ ಕಡಿಂದ ಅವ್ವನ ದನಿ ಹರದು ಬಂತು. ಸಣ್ಣ ಹುಡುಗೂರು ಕಿವಿ ಮುಚ್ಚಿಕೊಂಡ್ವು, ಬೀಗರು ನಕ್ಕರು. ಅವ್ವ ಎದ್ದ ಒಳಗ ಹೋದಳು. ನನ್ನ ದನಿ ಹಿಂಗ ಐತಂದ್ರ ನೀವ್ಯಾಕ ಹಾಡಸಿದ್ರಿ ಅಂತ ಕೇಳಾಕತ್ತಾಳ. ಏನ್ ಹೇಳ್ಲಿ ನಾ?"

ಮೈಕಿನ ತಪ್ಪು ಅಂದೆ. ಸ್ಪೀಕರಿನ ತಪ್ಪು ಅಂದೆ. ಅವರು ಕೇಳಿಸಿಕೊಂಡು, "ಸರಿ ಮಾಡಿಕೊಡು, ಇಲ್ಲಾ ಬ್ಯಾರೆದಾವರ ಕೈಗೆ ಕೊಡ್ತೇನಿ ಅಂತ ಭರತಗ ಹೇಳೀನಿ" ಎಂದು ಹೋದರು. ಎಂಬತ್ತು ವರ್ಷದ ಮುದುಕಿಯ ದನಿಯನ್ನು ನಾನು ಹರಿದುಹಾಕಿದೆ. ಕೇಡು ಬಯಸಿ ಮಾಡಿದ್ದರೂ ಇಷ್ಟು ಚೆನ್ನಾಗಿ ಮಾಡಲು ಆಗುತ್ತಿರಲಿಲ್ಲ.

ಫೆಬ್ರವರಿ 13, ಗುರುವಾರ

ಏನೂ ಮಾಡಲಿಲ್ಲ. ಕಂಪ್ಯೂಟರ್ ತೆರೆಯಲಿಲ್ಲ. ಸೀಟಿ ಮಾತ್ರ ಇದೆ.

ಫೆಬ್ರವರಿ 17, ಸೋಮವಾರ

ಭರತನ ಹಳೆಯ ಸ್ಪೀಕರುಗಳನ್ನು ಎರಡು ದಿನಕ್ಕೆಂದು ಇಸಿದುಕೊಂಡು ಬಂದೆ. ಬೇರೆ ಕಂಪನಿ. ಹಚ್ಚಿದರೆ ಇದರಲ್ಲೂ ಎಡದ್ದೇ ಮಂಕು. ಅಲ್ಲಿಗೆ ತಪ್ಪು ಸ್ಪೀಕರಿನದಲ್ಲ, ಕಂಪ್ಯೂಟರಿನ ಸೌಂಡ್ ಕಾರ್ಡಿನದು ಎಂದಾಯಿತು. ಅದನ್ನು ಬದಲಿಸುವ ಶಕ್ತಿ ಸದ್ಯಕ್ಕಿಲ್ಲ. ಎಲ್ಲ ದಾರಿಗಳೂ ಗೋಡೆಗೇ ಹೋಗಿ ಮುಟ್ಟುತ್ತವೆ.

ಬರುವಾಗ ಕಾಗವಾಡ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎಡಗಡೆಯಿಂದ ಬಂದು ಮೈಮೇಲೆ ಹಾಯುವುದರಲ್ಲಿತ್ತು. ಹಾರ್ನ್ ಕೂಡ ಹಾಕಲಿಲ್ಲ. ಮೊದಲೆಲ್ಲ ಕಬ್ಬಿನ ಗಾಡಿಯವರು ಊರೆಲ್ಲ ಕೇಳುವಂತೆ ಹಾಡು ಹಚ್ಚಿಕೊಂಡು ಬರುತ್ತಿದ್ದರು, ಈಗ ಕಳ್ಳರ ಹಾಗೆ ಬರುತ್ತಾರೆ. ಚಾಲಕ ಇಳಿದು ಬಂದು ಕೈ ಬೀಸಿ ಬೈದ. ಹಾಯ್ದಿದ್ದರೂ ನಡೆಯುತ್ತಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೆದರಿಕೆ ಕೂಡ ಆಗಲಿಲ್ಲ.

ಫೆಬ್ರವರಿ 19, ಬುಧವಾರ

ನಾನು ಸ್ನಾನಕ್ಕೆ ಹೋಗಿದ್ದಾಗ ತಾಯಿ ಮಗಳು ಕೂಡಿ ನನ್ನ ಟೇಬಲ್ಲನ್ನು ಸರಿಸಿಬಿಟ್ಟಿದ್ದಾರೆ. ಈಗ ಎಡಕ್ಕೆ ಗೋಡೆ, ಬಲಕ್ಕೆ ಬಾಗಿಲು.

"ಯಾಕ?"

"ಗಾಳಿ ಬರತೈತಿ ಅಂತ" ಅಂದಳು ತ್ರಿಶಲಾ.

ಊಟದ ಜಾಗವೂ ಬದಲಾಗಿದೆ. ನನ್ನ ತಾಟು ಗೋಡೆಯ ಬದಿಗೆ, ಅವರಿಬ್ಬರೂ ಬಲಕ್ಕೆ. ನನ್ನ ಮನೆಯಲ್ಲಿ ನಾನು ಎಲ್ಲಿ ಕೂರಬೇಕು ಎಂಬುದನ್ನು ಕೇಳುವವರಿಲ್ಲ. ಒಂದು ಮೂಲೆಗೆ ಒತ್ತರಿಸಿದರು. ಗಾಳಿಯಂತೂ ಬರಲಿಲ್ಲ.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಗಂಗೂಬಾಯಿಯವರ ಮಂಗಲಾಷ್ಟಕವನ್ನು ಹಚ್ಚಿಟ್ಟು, ವೈರು ಬಿಗಿಯಾಗಿದೆಯೋ ಇಲ್ಲವೋ ನೋಡೋಣವೆಂದು ಟೇಬಲ್ಲಿನ ಹಿಂದೆ ಹೋದೆ. ಸ್ಪೀಕರುಗಳ ಬೆನ್ನು ನನ್ನ ಕಡೆಗಿತ್ತು, ನನ್ನ ಮುಖ ಕುರ್ಚಿಯ ಕಡೆಗೆ. ಬಗ್ಗಿದವನು ಹಾಗೇ ನಿಂತೆ.

ಎಡಗಡೆಯ ಸ್ಪೀಕರ್ ಹಾಡುತ್ತಿತ್ತು. ಖಣಖಣ ಹಾಡುತ್ತಿತ್ತು. ಇಷ್ಟು ದಿನ ಚೆನ್ನಾಗಿದ್ದ ಬಲಗಡೆಯದು ಮಂಕಾಗಿತ್ತು.

ವೈರು ಮುಟ್ಟಿರಲಿಲ್ಲ. ಯಾವುದನ್ನೂ ಬದಲಿಸಿರಲಿಲ್ಲ. ಮುಂದೆ ಬಂದು ಕುರ್ಚಿಯಲ್ಲಿ ಕೂತೆ, ಎಡದ್ದು ಮಂಕಾಯಿತು. ಹಿಂದೆ ಹೋದೆ, ಬಲದ್ದು ಮಂಕಾಯಿತು. ಮುಂದೆ ಬಂದೆ. ಮತ್ತೆ ಹಿಂದೆ ಹೋದೆ. ತ್ರಿಶಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೊನೆಗೆ ಫೋನನ್ನು ಎಡಗಿವಿಗೆ ಹಿಡಿದು ಅವಳಿಗೆ, "ಅಡಗಿಮನಿಗೆ ಹೋಗಿ ನನಗೊಂದ ಫೋನ್ ಹಚ್ಚು" ಅಂದೆ. ಹಚ್ಚಿದಳು. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು. ಅವಳು ಏನೋ ಹೇಳುತ್ತಿದ್ದಳು. ನನಗೆ ಸೀಟಿ ಮಾತ್ರ ಕೇಳಿಸಿತು.

ಪೆಟ್ಟಿಗೆಗಳಲ್ಲಿ ದೋಷವಿಲ್ಲ. ಒಂದರಲ್ಲೂ ಇರಲಿಲ್ಲ.

ಫೆಬ್ರವರಿ 22, ಶನಿವಾರ

ಬೇಡ.

ಫೆಬ್ರವರಿ 27, ಗುರುವಾರ

ಚಿಕ್ಕೋಡಿಯ ಕಿವಿಯ ಡಾಕ್ಟರು ನನ್ನನ್ನು ಗಾಜಿನ ಡಬ್ಬಿಯೊಳಗೆ ಕೂರಿಸಿ, ಸದ್ದು ಕೇಳಿದಾಗ ಬಟನ್ ಒತ್ತು ಅಂದರು. ಬಲಗಡೆಗೆ ಒತ್ತಿದೆ. ಎಡಗಡೆಗೆ ಸುಮ್ಮನೆ ಕೂತಿದ್ದೆ. ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ. ಮುಗಿದಿತ್ತು.

ಏನು ಕೆಲಸ ಅಂತ ಕೇಳಿದರು. ಹೇಳಿದೆ.

"ಕ್ಯಾಮೆರಾ ಯಾ ಭುಜದ ಮ್ಯಾಲ ಹೊರತಿದ್ರಿ?"

"ಬಲದ ಮ್ಯಾಲ್ರಿ."

"ಹಂಗಾರ ಬಲಗಿವಿ ಕ್ಯಾಮೆರಾದ ಮರೆಯಾಗ ಉಳದೈತಿ. ಎಡಗಿವಿ ಡಾಲ್ಬಿ ಎದರಿಗೆ ಬಯಲಿಗಿತ್ತು. ನರ ಹೋಗ್ಯಾವ್ರಿ, ಹೊಳ್ಳಿ ಬರಂಗಿಲ್ಲ. ಬಲದ್ದೂ ತುಸು ಕಡಿಮಿ ಆಗೈತಿ. ಅದನ್ನರ ಜ್ವಾಪಾನ ಮಾಡ್ರಿ."

ಬಸ್ಸಿನಲ್ಲಿ ತ್ರಿಶಲಾ ನನ್ನನ್ನು ಕಿಟಕಿಯ ಬದಿಗೆ, ಎಡಕ್ಕೆ ಕಿಟಕಿ ಬರುವಂತೆ ಕೂರಿಸಿ ತಾನು ಬಲಕ್ಕೆ ಕೂತಳು. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ಹೆಡ್‌ಫೋನ್ ಒಗೆದ ದಿನದಿಂದ ಅಂದಳು. "ಎರಡೂ ಕಡೆ ಚಲೋ ಕೇಳ್ತಿತ್ತು. ಅವತ್ತ ಹೇಳಿದ್ನಿ, ನೀವು ಹೂಂ ಅಂದ್ರಿ."

ಕಿವಿಯಿಲ್ಲದವನ ಕೈಗೆ ಯಾರು ತಮ್ಮ ಮನೆಯ ಮದುವೆ ಕೊಡುತ್ತಾರೆ? ನನಗೆ ಬರುವ ವಿದ್ಯೆ ಇದೊಂದೇ. ಆ ಡಾಲ್ಬಿಯ ಪಕ್ಕದಲ್ಲಿ ನಡೆಯುವಾಗ ಜನ ನನ್ನನ್ನು ನೋಡಿ, ಎಂಥ ಕೆಲಸಗಾರ ಅನ್ನುತ್ತಿದ್ದರು. ನಾನು ಇನ್ನೂ ಹತ್ತಿರ ಹೋಗುತ್ತಿದ್ದೆ. ಬಸ್ಸು ಕೃಷ್ಣಾ ಸೇತುವೆ ದಾಟುವಾಗ ಅತ್ತುಬಿಟ್ಟೆ. ಸದ್ದಾಯಿತೋ ಇಲ್ಲವೋ ನನಗೇ ತಿಳಿಯಲಿಲ್ಲ.

ಮಾರ್ಚ್ 2, ಭಾನುವಾರ

ಗಂಗೂಬಾಯಿಯವರದನ್ನು ಭರತನಿಗೆ ವಾಪಸು ಕಳಿಸೋಣವೆಂದು ಕಂಪ್ಯೂಟರ್ ತೆರೆದಿದ್ದೆ. ಬ್ರಾಹ್ಮಿ ಅಡುಗೆಮನೆಯಿಂದ ಸ್ಟೂಲು ಎಳೆದುಕೊಂಡು ಬಂದಳು. ಬಲಗಡೆ ಜಾಗವಿತ್ತು. ಅಲ್ಲಿ ಕೂರದೆ, ಟೇಬಲ್ಲನ್ನು ತುಸು ಈಚೆ ತಳ್ಳಿ, ಗೋಡೆ ಮತ್ತು ನನ್ನ ನಡುವಿನ ಸಂದಿಯಲ್ಲಿ, ಎಡದ ಸ್ಪೀಕರಿನ ಎದುರಿಗೆ ತೂರಿಕೊಂಡು ಕೂತಳು. ಹಚ್ಚಿರಿ ಎಂದು ಕೈಸನ್ನೆ ಮಾಡಿದಳು.

ಹಚ್ಚಿದೆ. ಅವಳು ಕಿವಿ ಮುಚ್ಚಿಕೊಂಡು ಅಂಗೈಯನ್ನು ಕೆಳಕ್ಕೆ ಮಾಡಿದಳು. ಎಡದ್ದನ್ನು ಇಳಿಸಿದೆ. ಇನ್ನೂ ಕೆಳಕ್ಕೆ. ಇಳಿಸಿದೆ. ಚೂಪನ್ನು ತೆಗೆದೆ. ಕೈ ನಿಂತಿತು. ಪರದೆಯ ಮೇಲೆ ಎರಡೂ ಪಟ್ಟಿಗಳು ಒಂದೇ ಎತ್ತರದಲ್ಲಿದ್ದವು, ಎರಡೂ ಹಸಿರು. ನನ್ನ ಪಾಲಿಗೆ ಗಂಗೂಬಾಯಿ ಒಂದೇ ಕಡೆಯಿಂದ ಹಾಡುತ್ತಿದ್ದರು. ಬ್ರಾಹ್ಮಿಯ ಪಾಲಿಗೆ ಎರಡೂ ಕಡೆಯಿಂದ ಇರಬೇಕು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅಕ್ಷತೆ ಬೀಳುವವರೆಗೂ ಹಾಗೇ ಕೂತಿದ್ದೆವು.

ಮುಗಿದ ಮೇಲೆ ಅವಳ ತುಟಿ ಅಲುಗಿದ್ದು ಓರೆಗಣ್ಣಿಗೆ ಕಂಡಿತು. ರೂಢಿಯಂತೆ ಹೂಂ ಅಂದೆ. ಅವಳು ಎದ್ದು ಸ್ಟೂಲಿಗೆ ಕೈ ಹಾಕಿದಳು. ನಾನು ಕುರ್ಚಿಯನ್ನೇ ಪೂರ್ತಿ ಅವಳ ಕಡೆಗೆ ತಿರುಗಿಸಿದೆ.

"ಇನ್ನೊಮ್ಮೆ ಹೇಳವಾ. ಆ ಕಡಿಂದ ನನಗ ಕೇಳಂಗಿಲ್ಲ."

ಅವಳು ತಲೆ ಬಗ್ಗಿಸಿ ನಿಂತಿದ್ದಳು.

"ರಾಯಬಾಗಕ್ಕ ಹೋಗ್ತೀನಂತ ನಾ ಖರೇನ ಹೇಳಿದ್ನಿ ಪಪ್ಪಾ. ಅವತ್ತೂ ಈ ಕಡೀಗೇ ಕುಂತಿದ್ನಿ."

ಈಗ ಕೇಳಿಸಿತು ಅಂದೆ.